ಹಾಂಕಾಂಗಿನ ಟೀ ಅಂಗಡಿ ಹೆಂಗಸು

ನೀಲಾಂಬಿಕೆಗೆ ಅನುಮಾನ ಹುಟ್ಟುಗುಣ. ಹಾಲಿನವಳು ಬಂದರೆ ಹಾಲಿನ ತೊಟ್ಟೊಂದನ್ನು ಉಗುರಿನ ಮೇಲೆ ಬಿಟ್ಟು ನೋಡುವಳು. ಸರ್ರನೆ ಜಾರಿತೋ, ನೀರು ಬೆರೆಸಿದ್ದು ಎಂದೇ ಅರ್ಥ. ಹುಣಿಸೆಹಣ್ಣಿನ ಉಂಡೆಯನ್ನು ಒಡೆದು ನೋಡದೆ ಕೊಳ್ಳುತ್ತಿರಲಿಲ್ಲ. ಮಗಳನ್ನು ಅರಕಲಗೂಡಿಗೆ ಕೊಡುವ ಮಾತು ಬಂದಾಗ, ಯಾರಿಗೂ ಹೇಳದೆ ಬಸ್ಸು ಹತ್ತಿ ಹೋಗಿ, ಗಂಡಿನ ಮನೆಯ ಎದುರುಮನೆಯಲ್ಲಿ ಕುಡಿಯಲು ನೀರು ಕೇಳಿ, ಜಗಲಿಯ ಮೇಲೆ ಕೂತೇ ಬೀಗರ ಜಾತಕವನ್ನೆಲ್ಲ ಬಿಡಿಸಿಕೊಂಡು ಬಂದಿದ್ದಳು. ಆಮೇಲೆಯೇ ಲಗ್ನಪತ್ರಿಕೆ.

ಅವಳ ಗಂಡ ರುದ್ರಯ್ಯ ಇದಕ್ಕೆ ತದ್ವಿರುದ್ಧ. ಯಾರು ಏನು ಹೇಳಿದರೂ ತಲೆದೂಗುವ ಮನುಷ್ಯ. ಚನ್ನರಾಯಪಟ್ಟಣದ ಪೇಟೆಬೀದಿಯಲ್ಲಿ ಅವನಿಗೊಂದು ಅಂಗಡಿ. ಮಣಿ, ಕನ್ನಡಿ, ಬಾಚಣಿಗೆ, ಮಿನುಗುವ ದಾರ ಎಲ್ಲವೂ ಜಪಾನಿನ ಮಾಲು. ಮಣಿಯನ್ನು ಬೆಳಕಿಗೆ ಹಿಡಿದ ಕೂಡಲೇ ಒಳ್ಳೆಯದು ಕೆಟ್ಟದ್ದು ಹೇಳಬಲ್ಲ ಕಣ್ಣು ಅವನದು. ಅದನ್ನು ಮೆಚ್ಚಿ ಬೆಂಗಳೂರಿನ ಸಗಟು ವ್ಯಾಪಾರಿಯೊಬ್ಬರು ಮಾಲು ಆರಿಸಲು ಅವನನ್ನೇ ಜಪಾನಿನ ಕೋಬೆ ಬಂದರಿಗೆ ಕಳಿಸತೊಡಗಿದ್ದರು. ಮೂವತ್ತೈದನೇ ಇಸವಿ ಮುಗಿಯುವ ಹೊತ್ತಿಗೆ ಮೂರು ಸಲ ಹೋಗಿ ಬಂದಿದ್ದ. ಹಾಸನ ದಾಟದವರೇ ಹೆಚ್ಚಾಗಿದ್ದ ಊರಿನಲ್ಲಿ ಅದೇನು ಸಾಮಾನ್ಯದ ಮಾತೇ? ಸಂಜೆಯಾದರೆ ಅವನ ಮನೆಯ ಜಗಲಿ ತುಂಬುತ್ತಿತ್ತು. ಗಾಣದ ಪಾಪಯ್ಯ ಎಲ್ಲರಿಗಿಂತ ಮೊದಲೇ ಬಂದು ಕಂಬಕ್ಕೆ ಒರಗಿ ಕೂರುತ್ತಿದ್ದ.

ಕೋಬೆಯ ಕಥೆಗಿಂತ ಜನಕ್ಕೆ ಇಷ್ಟವಾಗುತ್ತಿದ್ದದ್ದು ನಡುದಾರಿಯ ಕಥೆಗಳು. ಹಡಗು ಹಾಂಕಾಂಗಿನಲ್ಲಿ, ಶಾಂಘೈಯಲ್ಲಿ ಲಂಗರು ಹಾಕಿದಾಗ ಇಳಿದು ಊರು ನೋಡಿದ್ದು. ಅದರಲ್ಲೂ ಹಾಂಕಾಂಗಿನ ಒಂದು ಟೀ ಅಂಗಡಿ. ಅದರ ಒಡತಿಗೆ ರುದ್ರಯ್ಯನ ಗುರುತು ಎಷ್ಟೆಂದರೆ, ಅವನ ಪೇಟ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕೇಳುವ ಮೊದಲೇ ಬಿಸಿನೀರು ತಂದಿಡುವಳು, ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡು ನಗುವಳು. ಇಷ್ಟು ಹೇಳಿ ರುದ್ರಯ್ಯ ಮಾತು ನಿಲ್ಲಿಸುವನು. ಪಾಪಯ್ಯ ತೊಡೆ ತಟ್ಟಿಕೊಂಡು, "ಬರೀ ಬಿಸ್ನೀರೇನ್ಲಾ ರುದ್ರಯ್ಯ?" ಎನ್ನುವನು. ಜಗಲಿಯೆಲ್ಲ ನಗೆ.

ಬಾಗಿಲ ಹಿಂದೆ ಅಕ್ಕಿ ಆರಿಸುತ್ತಿದ್ದ ನೀಲಾಂಬಿಕೆ ಮಾತ್ರ ನಗುತ್ತಿರಲಿಲ್ಲ.

ಪಕ್ಕದ ಮನೆಯ ಸಣ್ಣಕ್ಕ ಉರಿಯುವ ಒಲೆಗೆ ಸೌದೆ ಒಡ್ಡಿದಳು. "ಮಣಿ ತರಕ್ಕೆ ಅಷ್ಟು ದೂರ ಓಗ್ಬೇಕಾ ನೀಲಮ್ಮ? ಬೊಂಬಾಯ್ನಾಗೆ ಸಿಕ್ಕಾಕಿಲ್ವಾ? ನಂಗ್ಯಾಕೆ, ನಿನ್ನ ಗಂಡ, ನಿನ್ನ ಸಂಸಾರ." ಆ ರಾತ್ರಿಯಿಂದ ನೀಲಾಂಬಿಕೆಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಬೀಸಣಿಗೆ. ಮೂವತ್ತಾರರಲ್ಲಿ ರುದ್ರಯ್ಯ ಮತ್ತೆ ಹೊರಡುವ ಸುದ್ದಿ ಎತ್ತಿದಾಗ, "ನಾನೂ ಬತ್ತೀನಿ" ಎಂದಳು.

"ನೀನಾ? ಸಮುದ್ರ ಕಣೇ ಅದು. ಹೊಟ್ಟೆ ತೊಳೆಸ್ತದೆ, ಊಟ ಸೇರಾಕಿಲ್ಲ…"

"ನೀವು ತಿಂದದ್ದು ನಾನೂ ತಿಂತೀನಿ. ಬ್ಯಾಡ ಅಂದ್ರೆ ಮಗಳ ಮನೆಗೆ ಓಯ್ತೀನಿ. ತಿರುಗಿ ಬರಾಕಿಲ್ಲ."

ರುದ್ರಯ್ಯ ಬೆವರಿದ. ಬೆವರಿದ್ದನ್ನು ಅವಳು ನೋಡಿಕೊಂಡಳು.

ಅರಸೀಕೆರೆಯಲ್ಲಿ ರೈಲು ಹಿಡಿದು ಬೊಂಬಾಯಿ ತಲುಪಿ, ಅಲ್ಲಿಂದ ಹಡಗು. ಗುಜರಾತಿ ವ್ಯಾಪಾರಿಗಳಿಗೆಂದು ಬೇರೆ ಅಡಿಗೆಯವನಿದ್ದರೂ ನೀಲಾಂಬಿಕೆ ಅವನ ತುಪ್ಪವನ್ನು ಮೂಸಿ ನೋಡಿ ಪಕ್ಕಕ್ಕಿಟ್ಟು, ತಾನು ತಂದ ಹುರಿಹಿಟ್ಟು, ಚಟ್ನಿಪುಡಿಗಳಲ್ಲೇ ದಿನ ತಳ್ಳಿದಳು. ಬೆಳಗ್ಗೆ ಲಿಂಗಪೂಜೆಗೆ ಕೂತಾಗಲೂ ಕೋಣೆಯ ಬಾಗಿಲಿನ ಮೇಲೆ ಒಂದು ಕಣ್ಣು. ಸಿಂಗಪುರದಲ್ಲಿ ಹಡಗು ನಿಂತಾಗ ರುದ್ರಯ್ಯ ತಲೆನೋವೆಂದು ಮಲಗಿದ. ಹಾಂಕಾಂಗ್ ಬಂದಾಗಲೂ ಅವನು ಹಣೆ ಹಿಡಿದುಕೊಂಡ. ಆಗ ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದು ನಿಂತಳು.

"ಏಳಿ, ಆ ಟೀ ಅಂಗಡಿ ತೋರ್ಸಿ."

"ಯಾವ ಟೀ ಅಂಗಡಿ?"

"ಊರೋರಿಗೆಲ್ಲಾ ಯೋಳಿದ್ದು ಹೆಂಡ್ತಿ ಮುಂದೆ ಮರ್ತೋಯ್ತಾ?"

ಹಡಗು ನಿಂತ ದಂಡೆಯಿಂದ ಸಣ್ಣ ಸ್ಟೀಮರಿನಲ್ಲಿ ಆಚೆ ದಾಟಿದರು. ಅಷ್ಟು ಜನವನ್ನು ಅವಳು ಶ್ರವಣಬೆಳಗೊಳದ ಮಸ್ತಕಾಭಿಷೇಕದಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಎರಡಂತಸ್ತಿನ ಟ್ರಾಮುಗಳು ಗಂಟೆ ಬಾರಿಸುತ್ತ ಬಂದವು. ತಲೆಯ ಮೇಲೆ ಬಿದಿರುಕೋಲುಗಳಲ್ಲಿ ಒಣಗುವ ಬಟ್ಟೆ, ಅಂಗಡಿಗಳ ಮುಂದೆ ಕೊಕ್ಕೆಗೆ ತೂಗುಹಾಕಿದ ಹುರಿದ ಬಾತುಕೋಳಿ. ನೀಲಾಂಬಿಕೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು, ಕಣ್ಣು ಮುಚ್ಚಿಕೊಳ್ಳಲಿಲ್ಲ. ಎದುರು ಬರುವ ಪ್ರತಿ ಹೆಂಗಸಿನ ಮುಖವನ್ನೂ, ಆಮೇಲೆ ಗಂಡನ ಮುಖವನ್ನೂ ನೋಡುತ್ತ ನಡೆದಳು. ಒಬ್ಬಳಾದರೂ ನಗಲಿಲ್ಲ. ರುದ್ರಯ್ಯ ಎಡಕ್ಕೆ ಹೊರಳಿದ, ನಿಂತ, ಬಲಕ್ಕೆ ಹೊರಳಿದ. ಕೊನೆಗೆ ಸಿಕ್ಕ ಒಂದು ಟೀ ಅಂಗಡಿಗೆ ಕೈ ತೋರಿಸಿ, "ಇದೇ ಕಣೆ" ಎಂದ.

ಒಳಗಿದ್ದವಳು ಹಲ್ಲಿಲ್ಲದ ಮುದುಕಿ. ರುದ್ರಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಸಿನೀರೂ ಬರಲಿಲ್ಲ, ಬೀಸಣಿಗೆಯೂ ಆಡಲಿಲ್ಲ. ನೀಲಾಂಬಿಕೆಯ ಅನುಮಾನ ಇನ್ನಷ್ಟು ಬಲಿಯಿತು. ಬೇಕೆಂದೇ ಬೇರೆ ಅಂಗಡಿಗೆ ಕರೆತಂದಿದ್ದಾನೆ. ಹಾಗಾದರೆ ನಿಜವಾದವಳು ಮರೆಮಾಚಬೇಕಾದಂಥವಳೇ.

"ಇದಲ್ಲ. ನಡೀರಿ."

ಮತ್ತೂ ನಡೆದರು. ಹೊತ್ತು ಇಳಿಯಿತು. ದಂಡೆ ಯಾವ ದಿಕ್ಕಿಗೆ ಎಂಬುದು ಇಬ್ಬರಿಗೂ ತಿಳಿಯದಾಯಿತು. ರುದ್ರಯ್ಯನ ತುಟಿ ಒಣಗಿ ಬೆಳ್ಳಗಾಗಿತ್ತು. ಹೆಂಡತಿಯ ಕೈಯನ್ನು ಅವನು ಹಿಡಿದ ರೀತಿ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗು ಹಿಡಿಯುವ ಹಾಗಿತ್ತು. ಚೌಕದಲ್ಲಿ ಒಬ್ಬ ಸರ್ದಾರ್ಜಿ ಪೊಲೀಸು ನಿಂತಿದ್ದ. ಊರಲ್ಲಿ ಬಳೆಗಾರ ಸಾಬರ ಹೆಂಗಸರೊಂದಿಗೆ ಬೆಳೆದ ನೀಲಾಂಬಿಕೆಗೆ ಅಷ್ಟಿಷ್ಟು ಉರ್ದು ಬರುತ್ತಿತ್ತು. ಪೊಲೀಸಿನವನನ್ನು ನಂಬುವುದೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿಯೇ ದಾರಿ ಕೇಳಿದಳು. ಅವನು ತನ್ನ ಊರಿನ ಹೆಂಗಸನ್ನು ಕಂಡವನಂತೆ ಹಿಗ್ಗಿ, ದಂಡೆಯ ದಾರಿಗೆ ಅವರನ್ನು ಹಚ್ಚಿದ.

ಶಾಂಘೈ ಇನ್ನೂ ದೂರವಿತ್ತು. ಒಂದು ಸಂಜೆ ಹಡಗಿನ ಮೇಲಟ್ಟದಲ್ಲಿ ಪ್ರಯಾಣಿಕರು ಗುಂಪಾಗಿ ಕೂತಿದ್ದರು. ನಡುವೆ ಲೀಲಾರಾಮ್ ಎಂಬ ಸಿಂಧಿ ವ್ಯಾಪಾರಿ. ವರ್ಷವರ್ಷವೂ ಇದೇ ದಾರಿಯಲ್ಲಿ ಓಡಾಡುವವನು. ರುದ್ರಯ್ಯನಿಗೆ ಹಳೆಯ ಪರಿಚಯ. ಅವನು ಹಿಂದೂಸ್ತಾನಿಯಲ್ಲಿ ಕಥೆ ಹೇಳುತ್ತಿದ್ದ. ಹಾಂಕಾಂಗಿನಲ್ಲಿ ಒಂದು ಟೀ ಅಂಗಡಿ, ಅದಕ್ಕೊಬ್ಬ ಒಡತಿ. ನನ್ನ ಟೋಪಿ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕೇಳುವ ಮೊದಲೇ ಬಿಸಿನೀರು. ಬೀಸಣಿಗೆಯಿಂದ ಬಾಯಿ ಮುಚ್ಚಿಕೊಂಡು ನಗು. ಅಲ್ಲಿ ಮಾತು ನಿಲ್ಲಿಸಿದ. ಗುಂಪು ನಕ್ಕಿತು.

ಪೇಟ ಹೋಗಿ ಟೋಪಿಯಾಗಿತ್ತು, ಅಷ್ಟೇ. ಮಾತು ನಿಲ್ಲಿಸಿದ ಜಾಗ ಕೂಡ ಅದೇ.

ನೀಲಾಂಬಿಕೆ ಗಂಡನ ಕಡೆ ತಿರುಗಿದಳು. ರುದ್ರಯ್ಯ ಸಮುದ್ರ ನೋಡುತ್ತಿದ್ದ. ಕಿವಿ ಕೆಂಪಗಾಗಿತ್ತು.

"ನೀವು ಎಂದಾದ್ರೂ ಇಳ್ದಿದ್ರಾ?" ಎಂದು ಮೆಲ್ಲಗೆ ಕೇಳಿದಳು.

"ಮೊದಲ್ನೇ ಸಲ ಇಳ್ದಿದ್ದೆ. ದಾರಿ ತಪ್ತು. ಹಡಗು ಕೂಗು ಹಾಕೋ ಹೊತ್ಗೆ ಓಡ್ಬಂದೆ. ಆಮ್ಯಾಕೆ…" ಅವನು ತಲೆಯಾಡಿಸಿದ. "ಕೋಬೆನಾಗೆ ಸಾವ್ಕಾರ್ರ ಕಡೆಯೋರು ಬಂದು ಕರ್ಕೊಂಡೋಯ್ತಾರೆ. ಮಿಕ್ಕಿದ್ದೆಲ್ಲಾ ಇಲ್ಲೇ ಕುಂತು ಕೇಳಿದ್ದು ಕಣೆ."

ಅವಳಿಗೆ ಮೊದಲು ಬಂದದ್ದು ಸಿಟ್ಟು. ಇಲ್ಲದ ಒಬ್ಬ ಹೆಂಗಸಿಗಾಗಿ ತಾನು ಎಷ್ಟು ರಾತ್ರಿ ನಿದ್ದೆಗೆಟ್ಟೆ! ಆಮೇಲೆ ಎದೆಯ ಮೇಲಿನ ಬೀಸುಕಲ್ಲು ಎತ್ತಿಟ್ಟ ಹಾಗೆ ಹಗುರವಾಯಿತು. ಅದರ ಬೆನ್ನಿಗೇ ಇನ್ನೊಂದು ಅನುಮಾನ ತಲೆಯೆತ್ತಿತು: ಹಾಗಾದರೆ ಈ ಮನುಷ್ಯ ಇಷ್ಟು ವರ್ಷ ಹೇಳಿದ್ದರಲ್ಲಿ ತನ್ನದೆಂಬುದು ಎಷ್ಟು? ಅದನ್ನು ಕೇಳಲಿಲ್ಲ. ಆ ಕೆಂಪು ಕಿವಿಯನ್ನು ನೋಡಿ ಬಾಯಿ ಬರಲಿಲ್ಲ.

ಶಾಂಘೈಯಲ್ಲಿ ಹಡಗು ನಿಂತಾಗ ಅವಳೇ ಮುಂದಾದಳು. "ನನ್ನ ಹಿಂದೆ ಬನ್ನಿ. ಸರ್ದಾರ್ಜಿ ಪೊಲೀಸ್ರು ಇಲ್ಲೂ ಅವ್ರಂತೆ. ದಾರಿ ತಪ್ಪಿದ್ರೆ ಕೇಳಾನ."

ನದಿದಂಡೆಯ ಉದ್ದಕ್ಕೂ ಅರಮನೆಗಳಂಥ ಕಲ್ಲುಕಟ್ಟಡಗಳು. ರಿಕ್ಷಾ ಎಳೆಯುವವರ ಕೂಗು, ಮೋಟಾರುಗಳ ಹಾರ್ನು. ನೀಲಾಂಬಿಕೆ ತಿರುವು ತಿರುವಿಗೂ ನಿಂತು, ಹಿಂದೆ ತಿರುಗಿ ನೋಡಿ ಬೀದಿಯ ಗುರುತು ಹಿಡಿದುಕೊಂಡು ಮುಂದೆ ಸಾಗಿದಳು. ಮೈಸೂರಿನ ಅಂಗಡಿಗಳನ್ನೆಲ್ಲ ಒಳಗೆ ತುಂಬಿದರೂ ಜಾಗ ಮಿಗುವಂಥ ಒಂದು ಮಳಿಗೆಗೆ ಜನ ನುಗ್ಗುತ್ತಿದ್ದರು. ಒಳಗೆ ಹೋದರೆ, ಮೆಟ್ಟಿಲುಗಳು ತಾವಾಗಿಯೇ ಮೇಲಕ್ಕೆ ಏರುತ್ತಿವೆ! ಜನ ಸುಮ್ಮನೆ ನಿಂತಿದ್ದಾರೆ, ಮೆಟ್ಟಿಲು ಅವರನ್ನು ಹೊತ್ತುಕೊಂಡು ಹೋಗುತ್ತಿದೆ.

ನೀಲಾಂಬಿಕೆ ಕಾಲೂರಿ ನಿಂತುಬಿಟ್ಟಳು. ಮೇಲೆ ಹೋದ ಮೆಟ್ಟಿಲು ಎಲ್ಲಿ ಮಾಯವಾಗುತ್ತದೆ? ಸೀರೆಯ ಅಂಚು ಸಿಕ್ಕಿದರೆ? ಜನರನ್ನು ಮೇಲೆ ಕೊಂಡೊಯ್ದು ಇಳಿಯಲು ದಾರಿ ಇಲ್ಲದೆ ಮಾಲು ಕೊಳ್ಳುವ ಹಾಗೆ ಮಾಡುವ ಉಪಾಯವಿರಬೇಕು.

"ನಾ ಒಲ್ಲೆ," ಎಂದಳು. "ಇದ್ರಾಗೆ ಏನೋ ಮೋಸ ಅದೆ."

ರುದ್ರಯ್ಯ ಅವಳ ಮುಖ ನೋಡಿದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಹೆದರಿದ್ದನ್ನು ಅವನು ಕಂಡದ್ದು ಅದೇ ಮೊದಲು. ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ, ಪೇಟ ಒತ್ತಿಕೊಂಡ, "ಶಿವನೇ" ಎಂದು ಕಾಲಿಟ್ಟೇಬಿಟ್ಟ. ಮೆಟ್ಟಿಲು ಅವನನ್ನು ಎತ್ತಿಕೊಂಡು ಹೋಯಿತು. ಅರ್ಧ ದಾರಿಯಲ್ಲಿ ಜೋಲಿ ತಪ್ಪಿ, ಮುಂದಿದ್ದ ಚೀನೀ ಯಜಮಾನರ ಕೋಟು ಹಿಡಿದುಕೊಂಡ, ಅವರು ಬಯ್ದರು. ಮೇಲೆ ತಲುಪಿ ತಿರುಗಿ ನಿಂತು, ಇಡೀ ಮಳಿಗೆಗೆ ಕೇಳಿಸುವಂತೆ ಕೂಗಿದ: "ನೀಲಾ! ಏನಾಗಾಕಿಲ್ಲ! ಬಾರೇ!"

ಅವಳು ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ ಹತ್ತಿದಳು. ಮೇಲೆ ಅವನು ಎರಡೂ ಕೈ ಚಾಚಿ ನಿಂತಿದ್ದ. ಇಬ್ಬರೂ ಸಾಮಾನ್ಯ ಮೆಟ್ಟಿಲಿನಲ್ಲಿ ಇಳಿದು ಬಂದು ಮತ್ತೊಮ್ಮೆ ಹತ್ತಿದರು. ಮತ್ತೊಮ್ಮೆಯೂ. ಕಾವಲಿನವನು ಗದರುವವರೆಗೂ.

ಕೋಬೆಯ ಕೆಲಸ ಮುಗಿಸಿ ಊರಿಗೆ ಬಂದ ಮೇಲೆ ಜಗಲಿ ಮತ್ತೆ ತುಂಬಿತು. ರುದ್ರಯ್ಯ ಹಳೆಯದನ್ನೆಲ್ಲ ಬಿಟ್ಟು ಮೆಟ್ಟಿಲಿನ ಕಥೆ ಹೇಳಿದ. ಮಾತು ಅಲ್ಲಲ್ಲಿ ತಡವರಿಸಿತು. ಎಲ್ಲಿ ನಿಲ್ಲಿಸಬೇಕೆಂಬುದೂ ಅವನಿಗೆ ತಿಳಿಯಲಿಲ್ಲ. ಕೊನೆಗೆ ಪಾಪಯ್ಯ ಕೆಮ್ಮಿದ.

"ಈ ಸಲ ವಸಿ ಜಾಸ್ತಿ ಆಯ್ತು ಕಣ್ಲಾ. ಕಲ್ಲಿನ ಮೆಟ್ಲು ಎಲ್ಲಾದ್ರೂ ನಡೀತದಾ? ನಮ್ಮನ್ನೇನು ಮಂಗ ಮಾಡ್ತೀಯಾ?"

ರುದ್ರಯ್ಯ ಕುಗ್ಗಿಹೋದ. ಆಗ ಬಾಗಿಲ ಹಿಂದಿನಿಂದ ನೀಲಾಂಬಿಕೆ ಹೊರಗೆ ಬಂದಳು. ಗಂಡಸರ ಜಗಲಿಗೆ ಅವಳು ಹಾಗೆ ಬಂದದ್ದೇ ಇರಲಿಲ್ಲ.

"ಕಲ್ಲಿಂದಲ್ಲ ಪಾಪಣ್ಣ, ಕಬ್ಣದ್ದು. ನಾನೇ ಹತ್ತಿದೀನಿ. ಮೂರು ಸಲ."

ಅನುಮಾನದ ನೀಲಮ್ಮನೇ ಹೌದೆಂದ ಮೇಲೆ ಇಲ್ಲವೆನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಆದರೆ ನಂಬಿದವರೂ ಇರಲಿಲ್ಲ. ಗಂಡ ಹೆಂಡತಿ ಸೇರಿಕೊಂಡು ಊರಿಗೇ ಟೋಪಿ ಹಾಕುತ್ತಿದ್ದಾರೆ ಎಂದು ಪಾಪಯ್ಯ ಗಾಣದ ಹತ್ತಿರ ಹೇಳಿಕೊಂಡು ತಿರುಗಿದ.

ಮಾರನೆಯ ವರ್ಷ ಶಾಂಘೈಯಲ್ಲಿ ಬಾಂಬು ಬಿದ್ದ ಸುದ್ದಿ ಪತ್ರಿಕೆಯಲ್ಲಿ ಬಂತು. ನೀಲಾಂಬಿಕೆ ಆ ದಿನ ಒಲೆ ಹೊತ್ತಿಸಲಿಲ್ಲ. ಆಮೇಲೆ ದೊಡ್ಡ ಯುದ್ಧ ಬಂದು ಜಪಾನಿನ ಮಾಲೇ ನಿಂತುಹೋಯಿತು. ರುದ್ರಯ್ಯ ಕೊಬ್ಬರಿ ವ್ಯಾಪಾರಕ್ಕೆ ಇಳಿದು ತಿಪಟೂರಿನ ಸಂತೆಗೆ ಓಡಾಡತೊಡಗಿದ. ಪ್ರತಿ ಸಲವೂ ನೀಲಾಂಬಿಕೆ ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಡುವಳು. ಈ ವಯಸ್ಸಿನಲ್ಲೂ ಗಂಡನ ಮೇಲೆ ಇಷ್ಟು ಅನುಮಾನವೇ ಎಂದು ಸಣ್ಣಕ್ಕ ಬಾವಿಕಟ್ಟೆಯಲ್ಲಿ ಆಡಿಕೊಂಡಳು. ಆ ಮಾತು ಕಿವಿಗೆ ಬಿದ್ದರೂ ನೀಲಾಂಬಿಕೆ ತಿದ್ದಲು ಹೋಗಲಿಲ್ಲ. ಬಸ್ಸು ಬಂದ ಕೂಡಲೇ ಗಂಡನಿಗಿಂತ ಮೊದಲು ಹತ್ತಿ ಕಿಟಕಿಯ ಪಕ್ಕ ಕೂರುವಳು.