ಹಾಸು ಮುಗಿದ ದಿನದ ನಡಿಗೆ

ಹೋದ ವರ್ಷ ಕಾರ್ತಿಕ ಮಾಸದ ಎರಡನೇ ಭಾನುವಾರ ಬೆಳಿಗ್ಗೆ, ಮೊಳಕಾಲ್ಮುರಿನ ನೇಕಾರರ ಬೀದಿಯಲ್ಲಿ ನನ್ನ ಗೆಳೆಯನ ಹೆಂಡತಿ ಮಗ್ಗದಿಂದ ಮುಗಿದ ಸೀರೆಯನ್ನು ಕತ್ತರಿಸಿದರು. ಕತ್ತರಿಸಿದ ಮೇಲೆ, ಹಣಿಗೆಯಲ್ಲಿ ಉಳಿಯಬೇಕಾಗಿದ್ದ ಎಳೆಗಳ ತುದಿಯನ್ನೂ ಎಳೆದು ತೆಗೆದುಬಿಟ್ಟರು. ಆಗ ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ.

ಇದು ಎಂಥ ತಪ್ಪು ಎಂದು ತಿಳಿಯಲು ಮಗ್ಗದ ಕೆಲಸ ಸ್ವಲ್ಪ ಗೊತ್ತಿರಬೇಕು. ಉದ್ದಕ್ಕೆ ಬಿಗಿದ ರೇಷ್ಮೆ ಎಳೆಗಳಿಗೆ ಹಾಸು ಎನ್ನುತ್ತಾರೆ. ಒಂದು ಹಾಸಿನಿಂದ ಕೆಲವು ಸೀರೆ ಇಳಿಯುತ್ತವೆ. ಹಾಸು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಗೇಣುದ್ದ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲೇ ಬಿಡುತ್ತಾರೆ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಆ ತುದಿಗಳಿಗೆ ಹೊಸೆದು ಸೇರಿಸಬೇಕು. ಅದಕ್ಕೆ ಕೆಚ್ಚುವುದು ಎಂದು ಹೆಸರು. ಸಾವಿರಾರು ಎಳೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಮಗ್ಗದ ಹಿಂದೆ ಕೂತು, ಕತ್ತು ಬಗ್ಗಿಸಿ ಮಾಡುವ ಕೆಲಸ. ಈ ಮನೆಯಲ್ಲಿ ಅದನ್ನು ಹೆಂಗಸರೇ ಮಾಡುತ್ತಾ ಬಂದಿದ್ದಾರೆ. ತುದಿಗಳೇ ಇಲ್ಲದಿದ್ದರೆ ಕೆಚ್ಚಲು ಬರುವುದಿಲ್ಲ. ಪ್ರತಿ ಎಳೆಯನ್ನೂ ಹೊಸದಾಗಿ ಹಣಿಗೆಯ ಸಂದಿಯಲ್ಲಿ ತೂರಿಸಬೇಕು. ಅದಕ್ಕೆ ಬೇರೆ ಊರಿನಿಂದ ಅದೇ ಕಸುಬಿನವನು ಬರಬೇಕು.

ನಾನು ಚಳ್ಳಕೆರೆಯವನು. ಮೊದಲು ನನ್ನ ಭಾನುವಾರದ ನಡಿಗೆ ವರವು ಕಾವಲಿನ ಹುಲ್ಲುಗಾವಲಿನಲ್ಲಿತ್ತು. ಊರಿನ ಎಣ್ಣೆ ಮಿಲ್ಲುಗಳ ವಾಸನೆ ಹಿಂದಾದ ಮೇಲೆ ಬಸ್ಸಿಳಿದು ಹುಲ್ಲಿನೊಳಗೆ ಕಾಲಿಟ್ಟರೆ ಮಧ್ಯಾಹ್ನದವರೆಗೂ ಎದುರಿಗೆ ಒಂದು ಮರವೂ ಅಡ್ಡ ಬರುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಆ ಹುಲ್ಲು ಕಂದು ಬಣ್ಣಕ್ಕೆ ತಿರುಗುವಾಗ ಗಾಳಿಗೆ ಒಂದೇ ಕಡೆ ಮಲಗಿ ಏಳುತ್ತಿತ್ತು. ಕೃಷ್ಣಮೃಗಗಳು ದೂರದಲ್ಲಿ ತಲೆಯೆತ್ತಿ ನೋಡಿ ಮತ್ತೆ ಮೇಯುತ್ತಿದ್ದವು. ಆಮೇಲೆ ಕಾವಲನ್ನು ಸರ್ಕಾರಿ ಸಂಸ್ಥೆಗಳಿಗೆ ಕೊಟ್ಟರು, ಗೋಡೆ ಬಂತು, ಗೇಟು ಬಂತು. ಪತ್ರಿಕೆಗೆ ಆ ಸುದ್ದಿಯನ್ನು ಬರೆದು ಕಳಿಸಿದ ವರದಿಗಾರ ನಾನೇ. ಗೋಡೆ ಎಲ್ಲಿಂದ ಎಲ್ಲಿಗೆ, ಯಾವ ಹಳ್ಳಿಗಳ ದನಕ್ಕೆ ದಾರಿ ತಪ್ಪಿತು ಎಂಬುದೆಲ್ಲ ಅದರಲ್ಲಿತ್ತು. ನಾನು ನಡೆಯುತ್ತಿದ್ದ ಕಾಲುದಾರಿ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಈಗಲೂ ಆ ಕಡೆಯ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕದ ಸೀಟು ಹುಡುಕುತ್ತೇನೆ.

ಕಾವಲು ತಪ್ಪಿದ ಮೇಲೆ ಮೊಳಕಾಲ್ಮುರಿನ ಗೆಳೆಯನ ಜೊತೆ ನಡೆಯಲು ಶುರು ಮಾಡಿದೆ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಅವನು ನೇಕಾರ. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಹಾಸು ಮುಗಿಯುವವರೆಗೂ ಅವನು ಬೇರೆ ಕಡೆ ಹೋಗುವವನಲ್ಲ. ಅದಕ್ಕೇ ನಮ್ಮ ನಡಿಗೆಗೆ ಕ್ಯಾಲೆಂಡರ್ ಇರಲಿಲ್ಲ. "ನಾಳೆ ಹಾಸು ಮುಗೀತೈತೆ, ಬಾರ್ಲೇ" ಎಂದು ಫೋನು ಬಂದರೆ ಬೆಳಗಿನ ಮೊದಲ ಬಸ್ಸು ಹತ್ತುತ್ತಿದ್ದೆ. ಮಗ್ಗ ಖಾಲಿ ಇರುವ ದಿನ ಅವನಿಗೆ ಹಬ್ಬ.

ದಾರಿ ಸುಲಭದ್ದು. ಬೀದಿ ದಾಟಿ, ಊರಿಗೆ ಒತ್ತಿಕೊಂಡಿರುವ ಬೆಟ್ಟದ ಬುಡದಲ್ಲಿ ಹಳೆಯ ಕೋಟೆಯ ಕಲ್ಲುಗಳ ಪಕ್ಕ ಅರ್ಧ ಗಂಟೆ ಸುತ್ತುತ್ತಿದ್ದೆವು. ಅಲ್ಲಿಂದ ಕೆಳಗೆ ನೋಡಿದರೆ ಊರು ಕಾಣುವುದಕ್ಕಿಂತ ಹೆಚ್ಚಾಗಿ ಕೇಳುತ್ತದೆ. ಮನೆಮನೆಯಿಂದಲೂ ಮಗ್ಗದ ಸದ್ದು. ಆಮೇಲೆ ಆಟೋದಲ್ಲಿ ಸಿದ್ದಾಪುರ. ಅಲ್ಲಿಂದ ಶೇಂಗಾ ಹೊಲಗಳ ಬದು ಹಿಡಿದು ಬಂಡೆಗಳ ನಡುವೆ ನಡೆದರೆ ಅಶೋಕನ ಶಾಸನದ ಕಲ್ಲು. ಊರವರಿಗೆ ಅದು ಅಕ್ಷರಗುಂಡು. ಅಲ್ಲಿಗೆ ಸಮೀಪದಲ್ಲೇ ಎಮ್ಮೆತಮ್ಮನ ಗುಂಡು ಎಂಬ ಇನ್ನೊಂದು ಶಾಸನ. ಮೂರನೆಯದು ಎದುರಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲಿದೆ, ಮೆಟ್ಟಿಲು ಹತ್ತಬೇಕು. ಹಿಂದೆ ಬಳೆ ಮಾರುವವರು ಆ ಬಂಡೆಯ ಮೇಲೆ ಕೂರುತ್ತಿದ್ದರಂತೆ, ಹಾಗಾಗಿ ಬಳೆಗಾರರ ಗುಂಡು. ಅಲ್ಲಿಯ ಅಕ್ಷರಗಳು ಬಹಳ ಸವೆದಿವೆ.

ನಾವು ಹೊರಡುವ ಮೊದಲು ಗೆಳೆಯನ ಹೆಂಡತಿ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಡುತ್ತಿದ್ದರು. ಆಮೇಲೆ ಬೂದಿಯ ಬಟ್ಟಲು ಹಿಡಿದು ಮಗ್ಗದ ಹಿಂದೆ ಹೋಗುತ್ತಿದ್ದರು. ಸಂಜೆ ನಾವು ಬಂದಾಗಲೂ ಅಲ್ಲೇ ಇರುತ್ತಿದ್ದರು. ತಲೆಯೆತ್ತದೆ ಕೇಳುತ್ತಿದ್ದರು.

"ಏನು ನೋಡಿದ್ರಿ?"

"ಕಲ್ಲು," ಎನ್ನುತ್ತಿದ್ದ ಗೆಳೆಯ.

"ಹೋದ ಸಲ?"

"ಅದೇ ಕಲ್ಲು."

"ಅದೇ ಕಲ್ಲು ನೋಡಾಕೆ ಚಳ್ಳಕೆರೆಯಿಂದ ಅಣ್ಣಾರು ಬಸ್ಸು ಹತ್ತಿ ಬರ್ತಾರೆ. ನನಗೂ ಒಂದ್ಸಲ ತೋರಿಸ್ರಿ."

"ನೀನು ಬಂದ್ರೆ ಕೆಚ್ಚೋರು ಯಾರು?"

ಈ ಮಾತು ಪ್ರತಿ ಸಲವೂ ಇಲ್ಲಿಗೆ ನಿಲ್ಲುತ್ತಿತ್ತು. ಹಾಸು ಮುಗಿದ ದಿನ ಅವನಿಗೆ ಬಿಡುವು, ಆಕೆಗೆ ಅದೇ ದಿನ ಎಲ್ಲಕ್ಕಿಂತ ಹೆಚ್ಚು ಕೆಲಸ. ಮಗ್ಗ ಓಡುವ ದಿನಗಳಲ್ಲಿ ಇಬ್ಬರಿಗೂ ಬಿಡುವಿಲ್ಲ. ಆಕೆ ನಡೆಯಲು ಬರಬಹುದಾದ ದಿನ ಎಂಬುದೇ ಆ ಮನೆಯಲ್ಲಿ ಇರಲಿಲ್ಲ.

ಆಕೆಗೆ ನಿಜಕ್ಕೂ ನೋಡಬೇಕಾಗಿದ್ದುದು ಬಳೆಗಾರರ ಗುಂಡು. ಆಕೆಯ ತವರು ರಾಯದುರ್ಗ. ಆಕೆಯ ಅವ್ವ ತಾವು ಮದುವೆಯಾದ ಹೊಸದರಲ್ಲಿ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿ, ಆ ಬಂಡೆಯ ಮೇಲೆ ಕೂತು, ಎರಡೂ ಕೈಗೆ ಹಸಿರು ಬಳೆ ಇಡಿಸಿಕೊಂಡಿದ್ದರಂತೆ. ಅವ್ವ ತೀರಿಕೊಂಡು ಬಹಳ ವರ್ಷವಾಗಿದೆ. "ಅವ್ವ ಕುಂತಿದ್ದ ಜಾಗ ಐತಲ್ಲಣ್ಣಾ, ಇಲ್ಲೇ ಐತಲ್ಲ," ಎಂದು ಒಮ್ಮೆ ನನಗೆ ನೀರು ಕೊಡುವಾಗ ಹೇಳಿದ್ದರು.

ಆ ಭಾನುವಾರ ನಾನು ಹೋದಾಗ ಗೆಳೆಯ ಟೀ ಅಂಗಡಿಗೆ ಹೋಗಿದ್ದ. ಸೀರೆ ಕತ್ತರಿಸುವುದು ಅವನ ಕೆಲಸ. ಆಕೆ ಕತ್ತರಿ ತೆಗೆದುಕೊಂಡರು. ಸೀರೆ ಬಿಡಿಸಿ ಮಡಚಿಟ್ಟರು. ಆಮೇಲೆ ಹಣಿಗೆಯ ಮುಂದೆ ಒಂದು ಗಳಿಗೆ ನಿಂತು, ಉಳಿದ ಎಳೆಗಳನ್ನು ಮುಷ್ಟಿಯಲ್ಲಿ ಹಿಡಿದು ಎಳೆದರು. ಮೆತ್ತಗೆ ಸದ್ದಾಯಿತು, ಅಷ್ಟೆ. ನನ್ನ ಕಡೆ ನೋಡಿದರು.

ಗೆಳೆಯ ಬಂದು ನೋಡಿದವನೇ ಹಣೆಗೆ ಕೈ ಹಚ್ಚಿದ.

"ಏನೇ ಇದು! ಬೇಕಂತಲೇ ಮಾಡಿದೆಯಾ?"

"ಕೈ ತಪ್ತು."

"ಮೂವತ್ತು ವರ್ಷದಾಗೆ ತಪ್ಪದ ಕೈ ಇವತ್ತು ತಪ್ತಾ?"

"ಮೂವತ್ತು ವರ್ಷಕ್ಕೆ ಒಂದ್ಸಲ ತಪ್ಪಬಾರದಾ?"

ಅವನು ನನ್ನ ಕಡೆ ತಿರುಗಿದ. "ನೀನು ಇಲ್ಲೇ ಇದ್ಯಲ್ಲೋ. ನೋಡ್ತಾ ಕುಂತಿದ್ಯಾ?"

"ನೋಡಿದೆ," ಎಂದೆ.

ಎಳೆ ತೂರಿಸುವವನಿಗೆ ಫೋನು ಮಾಡಿದ. ಕೊಂಡ್ಲಹಳ್ಳಿಯಲ್ಲಿ ಕೈತುಂಬ ಕೆಲಸವಿದೆ, ಬುಧವಾರಕ್ಕೆ ಮೊದಲು ಬರುವುದಿಲ್ಲ ಎಂದ ಅವನು. ಗೆಳೆಯ ಫೋನನ್ನು ಜೇಬಿಗಿಟ್ಟುಕೊಂಡು ಮಗ್ಗದ ಪಕ್ಕ ಕೂತ. ಆಕೆ ಅಷ್ಟರಲ್ಲಿ ಒಳಗೆ ಹೋಗಿ ರೊಟ್ಟಿ ಕಟ್ಟಿದ್ದರು. ಗಂಟು ಎಂದಿನದಕ್ಕಿಂತ ದೊಡ್ಡದಾಗಿತ್ತು. ಸೀರೆಯನ್ನೂ ಬದಲಾಯಿಸಿದ್ದರು. ಊರಿಗೆಲ್ಲ ರೇಷ್ಮೆ ನೇಯುವ ಮನೆಯ ಹೆಂಗಸು, ಅಂದು ಉಟ್ಟಿದ್ದು ನೀಲಿ ನೈಲಾನ್ ಸೀರೆ.

"ಮಗ್ಗ ಹೆಂಗೂ ನಿಂತೈತೆ," ಎಂದರು. "ಬುಧವಾರದವರೆಗೂ ಅದರ ಮುಖ ನೋಡ್ತಾ ಕೂರ್ತೀಯಾ, ಬರ್ತೀಯಾ?"

ಅವನು ಎದ್ದು ಚಪ್ಪಲಿ ಮೆಟ್ಟಿದ.

ಆ ದಿನದ ನಡಿಗೆ ನಿಧಾನದ್ದು. ಕೋಟೆಯ ಹತ್ತಿರ ಆಕೆ ತಮ್ಮ ಮನೆಯ ತಾರಸಿ ಹುಡುಕಿದರು, ಸಿಕ್ಕಿದ ಮೇಲೆ ಮುಂದೆ ನಡೆದರು. ಸಿದ್ದಾಪುರದಲ್ಲಿ ಶೇಂಗಾ ಕಿತ್ತು ಮುಗಿದಿತ್ತು. ಬದುವಿನ ಮೇಲೆ ತಂಗಡಿ ಹಳದಿ ಹೂ ಬಿಟ್ಟಿತ್ತು. ಬಂಡೆಯ ಸಂದಿಯ ಸೀತಾಫಲದ ಗಿಡಗಳಲ್ಲಿ ಕೊನೆಯ ಹಣ್ಣುಗಳು, ಅವನ್ನೂ ಗಿಳಿಗಳು ಅರ್ಧ ತಿಂದು ಬಿಟ್ಟಿದ್ದವು. ಕುರಿ ಕಾಯುವವನೊಬ್ಬ ನಮ್ಮನ್ನು ನೋಡಿ, "ಇವತ್ತು ಅಕ್ಕೋರೂ ಬಂದಾರೆ," ಎಂದ. ಗಂಡಸರಿಬ್ಬರ ಗುರುತು ಅವನಿಗೆ ಮೊದಲೇ ಇತ್ತು.

ಅಕ್ಷರಗುಂಡಿನ ಮುಂದೆ ಆಕೆ ಚಪ್ಪಲಿ ಬಿಟ್ಟು ನಿಂತರು. ಅಲ್ಲೇನು ಬರೆದಿದೆ ಎಂದು ಕೇಳಿದರು. ತಾಯಿತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ಹೇಳಬೇಕು ಎಂದು ಬರೆದಿದೆ ಎಂದೆ.

"ನಿಜ ಹೇಳಬೇಕಂತೆ, ಕೇಳಿಸ್ತಾ?" ಎಂದ ಗೆಳೆಯ. "ಈಗ ಹೇಳು, ಕೈ ತಪ್ತಾ?"

"ಗಂಡನ ಮಾತು ಕೇಳು ಅಂತ ಐತಾ, ಅಣ್ಣಾ?"

ಇಲ್ಲ ಎಂದೆ.

"ಹಂಗಾದ್ರೆ ತಪ್ತು."

ನಮ್ಮ ಹಿಂದೆಯೇ ಬಂದಿದ್ದ ಕುರಿಯವನೂ ನಕ್ಕ. ಗೆಳೆಯ ನಗು ತಡೆದುಕೊಳ್ಳಲು ನೋಡಿ ಸೋತ.

ಎಮ್ಮೆತಮ್ಮನ ಗುಂಡಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಅಲ್ಲಿಂದ ಹೊರಟು ಬಯಲಿಗೆ ಬಂದಾಗ ಜಟಿಂಗ ರಾಮೇಶ್ವರ ಬೆಟ್ಟ ಎದುರಿಗೆ ಪೂರ್ತಿ ಕಂಡಿತು. ಆಕೆ ನಿಂತುಬಿಟ್ಟರು. ಬಳೆಗಾರರ ಗುಂಡು ಯಾವ ಕಡೆ ಎಂದು ಕೇಳಿದರು. ಕೈ ತೋರಿಸಿದೆ. ಇಷ್ಟು ದೂರದಿಂದ ಬಂಡೆ ಕಾಣುವುದಿಲ್ಲ.

"ಈಗ ಹತ್ತಿದ್ರೆ?"

"ಇಳಿಯೋದ್ರಾಗೆ ಕತ್ತಲಾಗ್ತೈತೆ," ಎಂದ ಗೆಳೆಯ. "ಆ ಕಡೆ ಕರಡಿ ಓಡಾಡ್ತಾವೆ. ನಿನ್ನ ಮೊಣಕಾಲೂ ಹಂಗೇ ಐತೆ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಿಸಿಲು ಆಗಲೇ ಬೆಟ್ಟದ ಆಚೆ ಇಳಿಯುತ್ತಿತ್ತು. ಆಕೆ ಬರಿಗೈಯನ್ನು ಹಣೆಯ ಮೇಲೆ ಅಡ್ಡ ಹಿಡಿದು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಕುರಿ ಮಂದೆ ನಮ್ಮನ್ನು ದಾಟಿ ಹೋಯಿತು. ಅದರ ಧೂಳು ಅಡಗಿದ ಮೇಲೆ, "ನಡೀರಿ," ಎಂದರು. ಆಟೋದಲ್ಲಿ ಆಕೆ ಬೆಟ್ಟದ ಕಡೆಗೆ ಕೂತರು.

ಎಳೆ ತೂರಿಸುವವನು ಬುಧವಾರ ಬರಲಿಲ್ಲ, ಗುರುವಾರ ಬಂದ. ಅವನ ಕೆಲಸ ಮುಗಿದು ಮಗ್ಗ ಮತ್ತೆ ಓಡಿತು. ಅಂದಿನಿಂದ ಸೀರೆ ಕತ್ತರಿಸುವ ದಿನ ಗೆಳೆಯ ಟೀ ಅಂಗಡಿಗೆ ಹೋಗುವುದಿಲ್ಲ. ಮುಂದಿನ ಹಾಸು ಸಂಕ್ರಾಂತಿಗೆ ಮುಗಿಯಿತು. ಈ ಸಲ ಕೆಚ್ಚಿ ಮುಗಿಸಿಯೇ ಮೂವರೂ ಬೆಟ್ಟಕ್ಕೆ ಹೋಗೋಣ ಎಂದು ಅವನೇ ಫೋನು ಮಾಡಿ ಹೇಳಿದ. ಬೇಗ ಮುಗಿಯಲೆಂದು ತಾನೂ ಬೂದಿ ಹಚ್ಚಿಕೊಂಡು ಕೆಚ್ಚಲು ಕೂತನಂತೆ. ಅವನು ಹೊಸೆದ ಎಳೆಗಳು ಬಿಟ್ಟುಕೊಂಡವು, ಆಕೆ ಅವನ್ನು ಮತ್ತೆ ಹೊಸೆಯಬೇಕಾಯಿತು. ಅಷ್ಟರಲ್ಲಿ ಮದುವೆಯ ಸೀರೆಗೆ ಆತುರದವರು ಬಂದರು. ಕೆಚ್ಚಿದ ಮಾರನೆಯ ಬೆಳಿಗ್ಗೆಯೇ ಅವನು ಮಗ್ಗದ ಗುಂಡಿಗೆ ಇಳಿದ.

ಹೋದ ವಾರ ನಾನೇ ಫೋನು ಮಾಡಿದೆ. ಆಕೆ ಎತ್ತಿದರು. ಹಿಂದೆ ಮಗ್ಗದ ಸದ್ದು ಕೇಳುತ್ತಿತ್ತು. ಯಾವ ಬಣ್ಣದ ಹಾಸು ಎಂದು ಕೇಳಿದೆ, ಹಸಿರು ಎಂದರು. ಎಷ್ಟು ಉಳಿದಿದೆ ಎಂದು ಕೇಳಿದೆ.

"ಇನ್ನೆರಡು ಸೀರೆ ಐತೆ, ಅಣ್ಣಾ."

ಇದನ್ನು ಬರೆಯುವ ಹೊತ್ತಿಗೆ ಆಕೆ ಬಳೆಗಾರರ ಗುಂಡನ್ನು ನೋಡಿಲ್ಲ.