ನಾನು ರೈಲಿನ ಪಾಸು ತೆಗೆಸಿದ್ದು

ಸಣ್ಣ ವಿಷಯಗಳಲ್ಲಿ ತೀರ್ಮಾನಕ್ಕೆ ಬರುವುದು ನನ್ನಿಂದ ಆಗುವುದಿಲ್ಲ. ದೊಡ್ಡವು ಹೇಗೋ ನನ್ನನ್ನು ಕೇಳದೆಯೇ ಮುಗಿದುಹೋದವು. ಮದುವೆಯನ್ನು ಸೋದರಮಾವ ಗೊತ್ತು ಮಾಡಿದ, ನೌಕರಿಯನ್ನು ಸರಕಾರ ಗೊತ್ತು ಮಾಡಿತು. ನಮ್ಮೂರಿಗೂ ರೈಲು ಬಂದ ಮೇಲೆ ನನ್ನ ಪಾಲಿಗೆ ಉಳಿದದ್ದು ಒಂದೇ ಪ್ರಶ್ನೆ: ಗಂಗಾವತಿಯಿಂದ ಕೊಪ್ಪಳಕ್ಕೆ ದಿನಾ ಹೋಗಿಬರಲು ಬಸ್ಸಿನ ಪಾಸು ತೆಗೆಸಬೇಕೋ, ರೈಲಿನ ಪಾಸು ತೆಗೆಸಬೇಕೋ? ಅದಕ್ಕೆ ಉತ್ತರ ಹುಡುಕಲು ನಾನು ಏಳು ತಿಂಗಳು ತೆಗೆದುಕೊಂಡೆ.

ನಗಬೇಡಿ. ವಿಷಯ ಅಷ್ಟು ಹಗುರಾದದ್ದಲ್ಲ. ಬಸ್ಸು ಒಂದು ತಪ್ಪಿದರೆ ಇನ್ನೊಂದು ಬರುತ್ತದೆ. ಆದರೆ ದಾರಿಯಲ್ಲಿ ಯಾರು ಕೈ ಎತ್ತಿದರೂ ನಿಲ್ಲುತ್ತದೆ, ಕೆಲವೊಮ್ಮೆ ಮೈಮುರಿಯಲು ಕೈ ಎತ್ತಿದವರಿಗೂ ನಿಲ್ಲುತ್ತದೆ. ಲಗ್ನದ ದಿನಗಳಲ್ಲಿ ಒಂಟಿಕಾಲಿನ ಮೇಲೆ ಹೋಗಬೇಕು. ರೈಲಿನಲ್ಲಿ ಕಾಲು ಚಾಚಬಹುದು, ಗಾಳಿ ಬರುತ್ತದೆ, ಪಾಸೂ ಅಗ್ಗ. ಆದರೆ ಬೆಳಿಗ್ಗೆ ನನಗೆ ಒದಗುವ ರೈಲು ಒಂದೇ, ಅದು ಯಾರಿಗೂ ಕಾಯುವುದಿಲ್ಲ. ಬಸ್ಸಿನ ಪಾಸು ಇಟ್ಟುಕೊಂಡವನು ಇದ್ದ ಹಾಗೆಯೇ ಇರಬಹುದು. ರೈಲಿನ ಪಾಸು ತೆಗೆಸಿದವನು ಸುಧಾರಿಸಲೇಬೇಕು.

ನಮ್ಮ ಅಜ್ಜ ಪಾಸು ಎನ್ನುತ್ತಿರಲಿಲ್ಲ, ರಹದಾರಿ ಎನ್ನುತ್ತಿದ್ದ. ಈ ಕಡೆ ನಿಜಾಮನ ಆಳ್ವಿಕೆ ಬಿಟ್ಟುಹೋದ ಮಾತುಗಳಲ್ಲಿ ಅದೂ ಒಂದು. ಕೇಳಿದರೆ ಎಷ್ಟು ಗಂಭೀರವಾಗಿದೆ ನೋಡಿ! ಸೊಂಟಕ್ಕೆ ಕತ್ತಿ ಕಟ್ಟಿದ ಯಾರೋ ಮೊಹರು ಒತ್ತಿ, ನಮ್ಮನ್ನು ದೂರದ ಸೀಮೆಗೆ ಕಳಿಸಿದಂತೆ. ಪಾಸು ಎಂದಾಗ ಮಾತ್ರ ಎಂಟನೆಯ ಇಯತ್ತೆಯ ಗಣಿತ ನೆನಪಾಗುತ್ತದೆ.

ಇಂಥ ವಿಚಾರಗಳನ್ನೆಲ್ಲ ನಾನು ಹೇಳುತ್ತಿದ್ದದ್ದು ಗಿರಿಜಾಳಿಗೆ, ಅಂದರೆ ನನ್ನ ಹೆಂಡತಿಗೆ. ಅವಳು ಕೊಪ್ಪಳದ ಸಾಲೆಯೊಂದರಲ್ಲಿ ಶಿಕ್ಷಕಿ. ನಾನು ಅದೇ ಊರಿನ ಕಚೇರಿಯೊಂದರಲ್ಲಿ ಹಳೆಯ ಕಡತಗಳ ಕಾವಲುಗಾರ. ಇಪ್ಪತ್ತೆರಡು ವರ್ಷ ಇಬ್ಬರೂ ಒಂದೇ ಬಸ್ಸಿನಲ್ಲಿ, ಇಬ್ಬರ ಸೀಟಿನಲ್ಲಿ ಅಕ್ಕಪಕ್ಕ ಕೂತು ಹೋದವರು. ಅರ್ಧ ದಾರಿ ನಾನು ಪೇಪರು ಓದುತ್ತಿದ್ದೆ, ಉಳಿದರ್ಧ ತೂಕಡಿಸುತ್ತಿದ್ದೆ. ಅವಳು ಸುಮ್ಮನೆ ಕೂತಿರುತ್ತಿದ್ದಳು. ಗಿರಿಜಾ ಮಾತು ಕಡಿಮೆಯ ಹೆಂಗಸು ಎಂದು ನಾನು ಬೀಗರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ, ಅದು ನನ್ನದೇ ಸಾಧನೆ ಎಂಬಂತೆ.

ಕೊನೆಗೊಂದು ದಿನ, ಇಬ್ಬರೂ ರೈಲಿಗೆ ಹೋಗೋಣವೇ ಎಂದು ಕೇಳಿದೆ.

"ನೀವು ಹೋಗ್ರಿ," ಎಂದಳು. "ಹೆಂಗಸರಿಗೆ ಬಸ್ ಪುಕ್ಕಟೆ ಐತಿ. ನನಗ ಬಸ್ಸೇ ಛಲೋ."

ಏಳು ತಿಂಗಳ ಪ್ರಶ್ನೆಗೆ ಅರೆಕ್ಷಣದಲ್ಲಿ ಉತ್ತರ ಬಂದಿತ್ತು. ಅದನ್ನು ನಾನು ಗಮನಿಸಬೇಕಿತ್ತು. ಗಮನಿಸದೆ ಹೋಗಿ ರೈಲಿನ ಪಾಸು ತೆಗೆಸಿದೆ.

ಎರಡು ವಾರ ಸುಧಾರಿಸಿದ ಮನುಷ್ಯನಾಗಿ ಬಾಳಿದೆ. ಮೂರನೆಯ ವಾರ ಒಂದು ಬೆಳಿಗ್ಗೆ ಸ್ಟೇಷನ್ನಿಗೆ ಹೋದರೆ, ಹಳಿಯ ಕೆಲಸ ನಡೆದಿದೆ, ಇವತ್ತು ಗಾಡಿ ಇಲ್ಲ ಎಂದರು. ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಓಡಿದೆ. ನಮ್ಮ ಮಾಮೂಲಿ ಬಸ್ಸು ಹೊರಟೇಬಿಟ್ಟಿತ್ತು. ಹಿಂದಿನ ಬಾಗಿಲಿಗೆ ಜೋತುಬಿದ್ದು ಒಳಗೆ ತೂರಿಕೊಂಡೆ. ಗಂಡಸರ ಬೆನ್ನುಗಳ ನಡುವೆ ನಿಂತರೆ ಮುಂದೇನಿದೆ ಎಂಬುದೂ ಕಾಣುತ್ತಿರಲಿಲ್ಲ.

ಕಾಣಲಿಲ್ಲ, ಕೇಳಿಸಿತು. ಮುಂದೆ ಹೆಂಗಸರ ಸೀಟಿನ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಎರಡು ಸಲ, ಚಿಕ್ಕದಾಗಿ, ಒಂದು ದೊಡ್ಡ ತೀರ್ಪಿಗೆ ಮುನ್ನ ಮಾಡಿಕೊಳ್ಳುವಂತೆ. ಆಮೇಲೆ ನನ್ನ ದನಿ ಬಂತು.

"ನೋಡು ಗಿರಿಜಾ. ಬಸ್ಸಿನೊಳಗ ಸ್ವಾತಂತ್ರ್ಯ ಐತಿ. ರೈಲಿನೊಳಗ ಶಿಸ್ತು ಐತಿ. ಈಗ ನಮ್ಮ ಮುಂದ ಇರೋ ಪ್ರಶ್ನಿ ಏನಂದ್ರ..."

"ಏನಂದ್ರ!" ಎಂದು ಏಳೆಂಟು ಹೆಂಗಸರು ಒಟ್ಟಿಗೆ ಕೂಗಿ ಬಿದ್ದು ಬಿದ್ದು ನಕ್ಕರು. ಆ ಕೂಗಿನಲ್ಲಿ ರೂಢಿಯಿತ್ತು. ಇದು ಮೊದಲ ಪ್ರದರ್ಶನವಲ್ಲ ಎಂಬುದು ಸ್ಪಷ್ಟವಾಗಿತ್ತು.

ಹೊರಟಿದ್ದ ದನಿ ಮೂಗಿನದು, ನಿಧಾನದ್ದು, ತನ್ನನ್ನು ತಾನೇ ಮೆಚ್ಚಿಕೊಳ್ಳುವಂಥದ್ದು. ಅದು ಗಿರಿಜಾಳ ಗಂಟಲಿನಿಂದ ಬರುತ್ತಿತ್ತು. ಅಂಥ ಹೊತ್ತಿನಲ್ಲಿ ಜಾಣನಾದವನು ತಲೆ ತಗ್ಗಿಸಿ ಮುಂದಿನ ಸ್ಟಾಪಿನಲ್ಲಿ ಇಳಿದುಹೋಗುತ್ತಾನೆ. ನಾನು ಜೀವಮಾನವಿಡೀ ಕಡತಗಳನ್ನು ತಿದ್ದಿದವನು. ಯೋಚಿಸುವ ಮೊದಲೇ ಬಾಯಿ ಬಿಟ್ಟುಬಿಟ್ಟೆ:

"ಶಿಸ್ತು ಅಂದಿಲ್ಲ. ಸಮಯಪಾಲನಿ ಅಂದಿದ್ದೆ."

ಹೇಳಿದವರು ಯಾರೆಂದು ನೋಡಲು ಬೆನ್ನುಗಳು ಅತ್ತಿತ್ತ ಸರಿದವು, ಮುಂದಿನ ಸೀಟುಗಳು ಕಂಡವು. ಆಮೇಲೆ ಇಡೀ ಬಸ್ಸು ನಕ್ಕಿತು. ಕಂಡಕ್ಟರು ಟಿಕೆಟು ಕೊಡುವುದನ್ನು ಬಿಟ್ಟು ಕಂಬ ಹಿಡಿದುಕೊಂಡು ನಕ್ಕ. ನಗದೆ ಉಳಿದದ್ದು ಒಂದೇ ತಲೆ. ಅದು ಹಿಂದಕ್ಕೂ ತಿರುಗಲಿಲ್ಲ.

ಸಂಜೆ ಮನೆಯಲ್ಲಿ ಗಿರಿಜಾ, "ಸಾರು ಇನ್ನೊಂದೀಟು ಹಾಕ್ಲ್ಯಾ?" ಎಂದದ್ದು ಬಿಟ್ಟರೆ ಬೇರೆ ಮಾತಿಲ್ಲ. ನಾನೂ ಕೆದಕಲಿಲ್ಲ. ಅದನ್ನು ದೊಡ್ಡತನ ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ನೋವಾಗಿತ್ತು. ನನ್ನನ್ನು ಆಡಿಕೊಂಡಳು ಎಂದಲ್ಲ. ಇಷ್ಟು ನಗಿಸಬಲ್ಲ ಹೆಂಗಸು ಇಪ್ಪತ್ತೆರಡು ವರ್ಷ ನನ್ನ ಮೊಣಕೈಗೆ ತಾಗಿ ಕೂತಿದ್ದಳು, ನಾನು ಪೇಪರು ಓದುತ್ತಿದ್ದೆ.

ಒಂದು ವಾರ ಕಳೆದಿರಬೇಕು. ಅದೇ ಬಸ್ಸಿಗೆ ಬರುವ ಶಾಹೀನ್ ಎಂಬ ನರ್ಸ್ ಕೊಪ್ಪಳದ ಸಂತೆಯಲ್ಲಿ ಸಿಕ್ಕಳು.

"ಸರ್, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಟೀಚರು ಈಗ ಬಸ್ಸಿನ್ಯಾಗ ಮಾತಾಡವಲ್ಲರು. ಕಿಟಕಿ ಕಡೆ ಮಾರಿ ಮಾಡಿ ಕುಂದರ್ತಾರ. ಮನ್ಯಾಗ ನೀವೇನರ ಅಂದ್ರೇನ್ರಿ?"

"ನಾ ಏನೂ ಅಂದಿಲ್ಲವ್ವ."

ಅವಳು ಚೀಲವನ್ನು ಕೈಯಿಂದ ಕೈಗೆ ಬದಲಾಯಿಸಿದಳು. "ಅದs ಆಗಿರಬೇಕ್ರಿ ಹಂಗಾರ."

ನನ್ನ ದೊಡ್ಡತನ ಅಲ್ಲಿಗೆ ಮುಗಿಯಿತು. ಒಂದು ಬಸ್ಸಿನ ತುಂಬ ನಗುವನ್ನು ನಾನು ಒಂದೂ ಮಾತಾಡದೆ ನಿಲ್ಲಿಸಿದ್ದೆ. ಮಾತಾಡಿ ನಿಲ್ಲಿಸಿದ್ದರೆ ಜಗಳವಾದರೂ ಆಗಿ ಮುಗಿಯುತ್ತಿತ್ತು.

ಭಾನುವಾರ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತೆ.

"ಆವತ್ತು ಬಸ್ಸಿನ್ಯಾಗ ಮಾಡಿದ್ಯೆಲ್ಲ, ಅದನ್ನ ಇಲ್ಲೊಮ್ಮೆ ಮಾಡು."

ರೊಟ್ಟಿಯ ಸದ್ದು ನಿಂತಿತು. "ಬ್ಯಾಡ್ರಿ. ತಪ್ಪಾತು."

"ತಪ್ಪಾಗಿದ್ದು ಖರೆ. ನಾ ಅಷ್ಟು ಮೂಗಿನ್ಯಾಗ ಮಾತಾಡಂಗಿಲ್ಲ."

"ಮಾತಾಡ್ತೀರಿ."

"ಇಲ್ಲ."

"ಮಾತಾಡ್ತೀರ್ರಿ. ಈಗ ಮಾತಾಡಿದ್ದು ಮತ್ತ್ಯಾವುದ್ರಾಗ?"

ಹಿಟ್ಟಿನ ಕೈಯನ್ನು ಒರೆಸಿಕೊಂಡು ಎದ್ದಳು. ಇಲ್ಲದ ಕನ್ನಡಕ ತೆಗೆದು, ಇಲ್ಲದ ಅಂಗಿಯ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಒರೆಸಿದಳು. ಸಾಹೇಬರ ಫೋನು ಬಂದಾಗ ಮನೆಯಲ್ಲೂ ನಾನು ಎದ್ದು ನಿಲ್ಲುವುದನ್ನು ಮಾಡಿದಳು. ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ಕಿವಿಯ ಹತ್ತಿರ ತಂದು ತಟ್ಟುವುದನ್ನು ಮಾಡಿದಳು. ನಾನು ಹಾಗೆ ತಟ್ಟುತ್ತೇನೆಂದು ನನಗೆ ಗೊತ್ತಿರಲಿಲ್ಲ. ಬದನೆಕಾಯಿ ಏನು ಹೇಳುತ್ತದೆಂದು ಈಗಲೂ ಗೊತ್ತಿಲ್ಲ. ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಇಬ್ಬರಿಗೂ ಅದರ ಪರಿವೆ ಇರಲಿಲ್ಲ.

ತಿಂಗಳು ಮುಗಿಯಿತು, ಪಾಸಿನ ಅವಧಿಯೂ ಮುಗಿಯಿತು. ಈ ಸಲ ಬಸ್ಸಿನದೇ ತೆಗೆಸುತ್ತೇನೆ, ಪೇಪರು ಓದುವುದಿಲ್ಲ, ನಿದ್ದೆಯನ್ನೂ ಮಾಡುವುದಿಲ್ಲ, ಪಕ್ಕದಲ್ಲಿ ಕೂತು ನಿನ್ನ ಮಾತು ಕೇಳುತ್ತೇನೆ ಎಂದೆ. ಇಂಥ ಮಾತಿಗೆ ಹೆಂಡತಿಯರು ಕರಗುತ್ತಾರೆಂಬ ನಂಬಿಕೆ ನನಗಿತ್ತು.

"ಬ್ಯಾಡ್ರಿ, ರೈಲಿಂದs ತಗಸ್ರಿ," ಎಂದಳು ಗಿರಿಜಾ. "ನೀವು ಬಾಜೂಕ ಕುಂತ್ರ ನಾ ನಿಮ್ಮನ್ನ ಮಾಡಿ ತೋರ್ಸೂದು ಹೆಂಗ?"

ಸ್ಟೇಷನ್ನಿಗೆ ಹೋದೆ. ಸಾಲಿನಲ್ಲಿ ನಿಂತು ರೈಲಿನ ಪಾಸನ್ನೇ ತೆಗೆಸಿದೆ.

ಸಂಜೆ ನನ್ನ ಗಾಡಿ ಅವಳ ಬಸ್ಸಿಗಿಂತ ಸ್ವಲ್ಪ ಮೊದಲು ಗಂಗಾವತಿ ಮುಟ್ಟುತ್ತದೆ. ನಾನು ಬಸ್ ಸ್ಟ್ಯಾಂಡಿಗೆ ಬಂದು, ಚಹಾ ಹಿಡಿದು ಕಾಯುತ್ತೇನೆ. ಬಸ್ಸು ಒಳಗೆ ಬಂದು ತಿರುಗಿಕೊಳ್ಳುವಾಗಲೇ, ಬಾಗಿಲು ತೆರೆಯುವ ಮೊದಲೇ, ಕಿಟಕಿಗಳಿಂದ ನಗು ಕೇಳಿಸುತ್ತದೆ. ನಾನು ಅಲ್ಲಿ ನಿಂತಿರುವುದು ಕಂಡ ಕೂಡಲೇ ಅದು ಇನ್ನಷ್ಟು ಜೋರಾಗುತ್ತದೆ.