ಕಲೆ ಕಂಡರಾಗದ ವಾಗೀಶ್ ಸರ್

ಆದೋನಿಯ ಕಾಲೇಜೊಂದರಲ್ಲಿ ಡಿಜಿಟಲ್ ಚಿತ್ರಸಂಸ್ಕರಣೆ ಕಲಿಸುವ ವಾಗೀಶ್ ಸರ್‌ಗೆ ಚಿತ್ರದ ಮೇಲೆ ಕಲೆ ಕಂಡರಾಗದು. ಮದುವೆಗೆ ಹೋದರೂ ಊಟ ಬಿಟ್ಟು, ಬ್ಯಾನರಿನಲ್ಲಿ ಮಸುಕಾದ ಮದುಮಗನ ಮೂಗಿಗೆ ಮರುಗುತ್ತ ನಿಲ್ಲುವವರು. ಮೊದಲ ತರಗತಿಗೇ ಹುಡುಗರಿಂದ ಮನೆಯ ಹಳೇ ಫೋಟೊ ತರಿಸಿ, "ಚಿತ್ರ ಅಂದ್ರ ಬರೇ ಅಂಕಿ. ಹತ್ತಿಯಾಗ ಕಸ ಇದ್ದಂಗ ಇದರಾಗ ನಾಯ್ಸ್ ಇರತೈತಿ. ಆರಿಸಿ ಒಗೀಬೇಕು, ಅಷ್ಟೇ!" ಎಂದು ಗುಡುಗಿ, ಪರದೆಯ ಮೇಲೆ ಒಂದೊಂದನ್ನೂ ತೊಳೆದಿಡುತ್ತಾರೆ. ಈ ಸಲ ಚಿಪ್ಪಗಿರಿಯ ವಿದ್ಯಾರ್ಥಿನಿ ಪಲ್ಲವಿಯ ಅಜ್ಜನ ಕೆನ್ನೆಯ ಮಚ್ಚೆ ಕೂಡ ಹಾಗೇ ಹಾರಿಹೋದಾಗ ಅವಳು ಬೆರಗಾದಳು. ಆಮೇಲೆ ಸರ್‌ಗೆ ಖುಷಿಯಾಗಲೆಂದು, ಅವರದೇ ಕಂಪ್ಯೂಟರಿನಲ್ಲಿದ್ದ ಅವರ ತಾಯಿ ಮಹಾಂತಮ್ಮನ ಹಳೇ ಫೋಟೊದ ಸ್ಕ್ಯಾನ್ ತೆರೆದು, ಹಣೆಯ ಮೇಲೆ ಅಡ್ಡಡ್ಡ ಹರಡಿದ್ದ ಮೂರು ಬಿಳಿ ಗೆರೆಗಳನ್ನು ಅಳಿಸಹೊರಟಳು. "ಮುಟ್ಟಬ್ಯಾಡ!" ಸರ್ ಚೀರಿದ ರಭಸಕ್ಕೆ ಇಡೀ ತರಗತಿ ಬೆಚ್ಚಿಬಿತ್ತು, ಪಲ್ಲವಿ ಮೌಸಿನಿಂದ ಕೈ ತೆಗೆದಳು. ಸರ್ ಕುರ್ಚಿ ಎಳೆದು ಕೂತರು. "ಅವ್ವ ಹೋದಮ್ಯಾಗ ಅಪ್ಪ ದಿನಾ ಮುಂಜಾನೆ ಈ ಫೋಟೊಕ್ಕ ವಿಭೂತಿ ಹಚ್ಚತಿದ್ದ, ಪಲ್ಲವಿ. ಅಪ್ಪಂದು ಒಂದೂ ಫೋಟೊ ಇಲ್ಲ. ಉಳದದ್ದು ಈ ಮೂರು ಬೆರಳು, ಅಷ್ಟೇ."